ಹಳೆ ಕಾರಿಗೆ ಮೊದಲು ಬೇಕಾದದ್ದು ಬಣ್ಣವಲ್ಲ, ಬ್ರೇಕ್

ಮಾನ್ಯ ಸಂಪಾದಕರೇ,

ಹಳೆ ಕಾರೊಂದನ್ನು ಕೊಂಡು ತಾವೇ ಸರಿಮಾಡಿ ಓಡಿಸಬೇಕೆಂಬ ಆಸೆ ಈಗ ಹದಿನೆಂಟು–ಇಪ್ಪತ್ತರ ಹುಡುಗ ಹುಡುಗಿಯರಲ್ಲಿ ಜೋರಾಗಿದೆ. ಪತ್ರಿಕೆಗಳ ವಾಹನ ಪುಟಗಳಲ್ಲೂ ಅಂಥ ಕಾರುಗಳ ಚಿತ್ರಗಳು ಬರುತ್ತಿವೆ: ಎಡಗಡೆ ತುಕ್ಕು ತಿಂದ ಗಾಡಿ, ಬಲಗಡೆ ಅದೇ ಗಾಡಿ ಮಿರಮಿರ ಮಿಂಚುತ್ತ ನಿಂತಿರುವುದು. ನೋಡಲು ಚೆಂದವೇ. ಆದರೆ ಆ ಎರಡು ಚಿತ್ರಗಳ ನಡುವೆ ಯಾವ ಕೆಲಸ ಆದ ಮೇಲೆ ಯಾವ ಕೆಲಸ ಮಾಡಿದರು ಎಂಬುದು ಎಲ್ಲೂ ಅಚ್ಚಾಗುವುದಿಲ್ಲ. ಮೊದಲ ಸಲ ಕೈಹಾಕುವವರು ಸೋಲುವುದು ಅಲ್ಲೇ. ಹುರುಪಿನಲ್ಲಿ ಒಂದೇ ವಾರಕ್ಕೆ ಇಡೀ ಕಾರು ಬಿಚ್ಚಿಹಾಕುತ್ತಾರೆ, ಇದ್ದ ದುಡ್ಡನ್ನೆಲ್ಲ ಬಣ್ಣಕ್ಕೆ ಸುರಿಯುತ್ತಾರೆ. ಆಮೇಲೆ ತಳದ ತಗಡು ತೂತು ಬಿದ್ದಿರುವುದು ಕಾಣುತ್ತದೆ. ವೆಲ್ಡಿಂಗ್ ಮಾಡಿಸಿದರೆ ಹೊಸ ಬಣ್ಣ ಸುಡುತ್ತದೆ, ಮಾಡಿಸದಿದ್ದರೆ ಗಾಡಿ ರಸ್ತೆಗೆ ಇಳಿಯುವುದಿಲ್ಲ. ಹೀಗೆ ಅರ್ಧಕ್ಕೆ ನಿಂತ ಕಾರು ಕೊನೆಗೆ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಆದ್ದರಿಂದ ಈ ಪತ್ರದಲ್ಲಿ ಹೇಳುವುದು ಕೆಲಸದ ಅನುಕ್ರಮದ ಬಗ್ಗೆ: ಮೊದಲು ಕಾಗದ, ಆಮೇಲೆ ತಗಡು, ಆಮೇಲೆ ಬ್ರೇಕ್, ಆಮೇಲೆ ಎಂಜಿನ್. ಬಣ್ಣ ಎಲ್ಲಕ್ಕಿಂತ ಕೊನೆಗೆ.

ಯಾವ ಕಾರು ಎಂಬ ಪ್ರಶ್ನೆ ಮೊದಲು ಬರುತ್ತದೆ. ಹೆಚ್ಚಿನವರ ಕಣ್ಣು ಪ್ರೀಮಿಯರ್ ಪದ್ಮಿನಿಯ ಮೇಲೆ. ಮುಂಬೈಯ ಕುರ್ಲಾದಲ್ಲಿ ಫಿಯೆಟ್ 1100 ಆಗಿ ಹುಟ್ಟಿ 1974ರಲ್ಲಿ ಪದ್ಮಿನಿ ಎಂಬ ಹೆಸರು ಪಡೆದ ಆ ಗಾಡಿಗೆ ಇಂದಿಗೂ ಅಭಿಮಾನಿಗಳಿದ್ದಾರೆ; ಅದು ತಕ್ಕದ್ದೇ. ಆದರೆ ಮೊದಲ ಕೆಲಸಕ್ಕೆ ಅದು ಬೇಡ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಮುಂಚಕ್ರ ತಿರುಗಲು ಕೀಲಿನಂತಿದ್ದು ಆಗಾಗ ಗ್ರೀಸ್ ಕೇಳುವ ಕಿಂಗ್‌ಪಿನ್, ಸ್ಟಿಯರಿಂಗ್ ಪಕ್ಕದ ಗೇರಿನ ಉದ್ದುದ್ದ ಕಡ್ಡಿಗಳು ಇವೆಲ್ಲ ಕೈ ಪಳಗಿದ ಮೇಲೆ ಮಾಡುವ ಕೆಲಸ. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳು ಓಡುವಷ್ಟು ದಿನ ಬಿಡಿಭಾಗದ ವ್ಯಾಪಾರವೂ ನಡೆಯುತ್ತಿತ್ತು. ಅಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್‌ನಲ್ಲಿ; ಟ್ಯಾಕ್ಸಿಗಳಿಗಿರುವ 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್‌ಗೆ ಅವು ರಸ್ತೆಯಿಂದ ಮರೆಯಾದವು. ಈಗ ಅದರ ಒಂದು ಗಾಜಿಗೋ ಕ್ರೋಮ್ ಹಿಡಿಕೆಗೋ ತಿಂಗಳುಗಟ್ಟಲೆ ಅಲೆಯಬೇಕು.

ಮೊದಲ ಗಾಡಿಯಾಗಿ ಕೊಳ್ಳಬೇಕಾದದ್ದು ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಮಾರುತಿ 800. ಅಂದರೆ 1986ರ ನಂತರ ಬಂದ ಎರಡನೆಯ ರೂಪದ್ದು, 2000ದ ಆಸುಪಾಸಿನಲ್ಲಿ ಎಂಪಿಎಫ್‌ಐ (ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಬರುವ ಮುಂಚಿನದ್ದು. 1983ರ ಡಿಸೆಂಬರ್‌ನಿಂದ 2014ರ ಜನವರಿವರೆಗೆ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಮಾರುತಿ 800 ತಯಾರಾದವು. ಇದರ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ನೇ ಓಮ್ನಿಯಲ್ಲೂ ಇದ್ದದ್ದರಿಂದ ಎಂಜಿನ್ನಿನ ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಹೋಗಬೇಕಾಗಿಯೂ ಇಲ್ಲ. ತಾಲ್ಲೂಕು ಕೇಂದ್ರದ ಅಂಗಡಿಯಲ್ಲೇ ಸಿಗುತ್ತವೆ. ಗಾಡಿ ಹಗುರ, ಎಂಜಿನ್ ಹಗುರ, ಬಾನೆಟ್ ಎತ್ತಿದರೆ ಎಲ್ಲಕ್ಕೂ ಕೈ ಹೋಗುತ್ತದೆ. 10, 12, 14, 17ರ ಸ್ಪ್ಯಾನರ್ ಮತ್ತು ಸಾಕೆಟ್ ಇದ್ದರೆ ಮುಕ್ಕಾಲು ಕೆಲಸ ನಡೆಯುತ್ತದೆ. ಒಂದು ಮಾತು ಮಾತ್ರ: 1983ರಿಂದ 86ರೊಳಗಿನ ಮೊದಲ ರೂಪದ ಎಸ್‌ಎಸ್80 ಸಿಕ್ಕಿದರೆ ಅದರ ಮೇಲೆ ಕೈ ಕಲಿಯಬೇಡಿ. ಅವು ಉಳಿದಿರುವುದೇ ಕಡಿಮೆ.

ಇನ್ನು ಕಾಗದ. ಆರ್‌ಸಿಯಲ್ಲಿರುವ ಚಾಸಿ ನಂಬರ್ ಮತ್ತು ಎಂಜಿನ್ ನಂಬರನ್ನು ಗಾಡಿಯ ಮೇಲೆ ಕೊರೆದಿರುವುದರ ಜೊತೆ ಅಕ್ಷರ ಅಕ್ಷರ ಹೋಲಿಸಿ. ಕೊಳೆ ಒರೆಸಿ, ತೆಳ್ಳನೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿದರೆ ಅಚ್ಚು ಮೂಡುತ್ತದೆ. ಒಂದು ಅಂಕಿಯ ಸುತ್ತ ಉಜ್ಜಿದ ಗುರುತು ಕಂಡರೂ ಆ ಗಾಡಿ ಬಿಟ್ಟುಬಿಡಿ. ಎಂಜಿನ್ ಬದಲಾಗಿದ್ದರೆ ಅದು ಆರ್‌ಸಿಯಲ್ಲಿ ದಾಖಲಾಗಿರಬೇಕು. ಬ್ಯಾಂಕಿನ ಸಾಲ ತೀರಿ ಇಪ್ಪತ್ತು ವರ್ಷವಾಗಿದ್ದರೂ ಆರ್‌ಸಿಯಲ್ಲಿ ಸಾಲದ ನಮೂದು ಹಾಗೇ ಉಳಿದಿರುವುದುಂಟು, ಅದನ್ನು ತೆಗೆಸುವ ಹೊಣೆ ಮಾರುವವರದ್ದು ಎಂದು ಮೊದಲೇ ಮಾತಾಡಿಕೊಳ್ಳಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಈ ನವೀಕರಣದ ಶುಲ್ಕ 5,000 ರೂಪಾಯಿಯಾಯಿತು; 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ರೂಪಾಯಿ ಮಾಡಿದರು. ಹಸಿರು ತೆರಿಗೆ, ವಿಮೆ, ಹೊಗೆ ತಪಾಸಣೆ ಬೇರೆ. ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮುನ್ನ ಇದನ್ನೆಲ್ಲ ಕೂಡಿಸಿ ನೋಡಿ.

ದೆಹಲಿ ಸುತ್ತಲಿನ ಪ್ರದೇಶದಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರುಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿಂದ ಕಡಿಮೆ ಬೆಲೆಗೆ ಗಾಡಿಗಳು ಇತ್ತ ಬರುತ್ತವೆ. ಅಲ್ಲಿನ ಆರ್‌ಟಿಒ ಕೊಟ್ಟ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಸಿಗುವವರೆಗೆ ಮುಂಗಡ ಕೊಡಬೇಡಿ. ಬಂದ ಮೇಲೆ ಕರ್ನಾಟಕದ ತೆರಿಗೆ ಕಟ್ಟಿ ಮರುನೋಂದಣಿ ಮಾಡಿಸಬೇಕು. ನೋಂದಣಿ ರದ್ದಾಗಿ ಗುಜರಿಗೆ ಒಪ್ಪಿಸಿದ ಗಾಡಿಯ ಹೆಸರಿನಲ್ಲಿ ಮತ್ತೆ ಕಾಗದ ಹುಟ್ಟುವುದಿಲ್ಲ, ಅದು ಬಿಡಿಭಾಗಕ್ಕಷ್ಟೇ. ಹಾಗೆಯೇ, 'ಹಳೆಯದು ಅಂದಮೇಲೆ ವಿಂಟೇಜ್ ನಂಬರ್ ಸಿಗುತ್ತೆ' ಎಂದು ನಂಬಿಸುವವರೂ ಇದ್ದಾರೆ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ ಮಾತ್ರ ಆ ನಂಬರ್. ಅದನ್ನು ದಿನಬಳಕೆಗೆ ಓಡಿಸುವಂತೆಯೂ ಇಲ್ಲ.

ಕಾಗದ ಸರಿ ಇದ್ದರೆ ಗಾಡಿಯ ತಗಡು ನೋಡಬೇಕು. ಎಂಜಿನ್ ಎಷ್ಟು ಹಾಳಾಗಿದ್ದರೂ ಇನ್ನೊಂದನ್ನು ತಂದು ಕೂರಿಸಿ ದಾಖಲಿಸಬಹುದು. ಮಾರುತಿಗೆ ಪ್ರತ್ಯೇಕ ಚಾಸಿ ಇಲ್ಲ, ತಗಡಿನ ಮೈಯೇ ಅದರ ಅಸ್ಥಿಪಂಜರ. ಅದು ಕೊಳೆತಿದ್ದರೆ ಗಾಡಿಯೇ ಇಲ್ಲ. ಕಾರವಾರ, ಉಡುಪಿ, ಮಂಗಳೂರು ಕಡೆಯ ಗಾಡಿಗಳಿಗೆ ಉಪ್ಪುಗಾಳಿ ಮತ್ತು ಮಳೆ ಎರಡೂ ಬಡಿದಿರುತ್ತವೆ; ಮೇಲೆ ಬಣ್ಣ ಚೆನ್ನಾಗಿದ್ದು ಅಡಿಯಲ್ಲಿ ಹಪ್ಪಳವಾಗಿರುತ್ತದೆ. ಬಳ್ಳಾರಿ, ರಾಯಚೂರು, ಕಲಬುರಗಿ ಕಡೆಯ ಗಾಡಿಗಳ ಬಣ್ಣ ಬಿಸಿಲಿಗೆ ಸುಣ್ಣದಂತೆ ಉದುರುತ್ತದೆ, ರಬ್ಬರೆಲ್ಲ ಕಟ್ಟಿಗೆಯಾಗಿರುತ್ತದೆ, ಆದರೆ ತಗಡು ಗಟ್ಟಿ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಕಣ್ಣು ಮುಚ್ಚಿ ಬಯಲುಸೀಮೆಯ ಗಾಡಿ ಕೊಳ್ಳಿ.

ನೋಡುವ ಕ್ರಮ ಹೀಗೆ. ತೆಳ್ಳನೆ ಬಟ್ಟೆ ಸುತ್ತಿದ ಅಯಸ್ಕಾಂತ ಒಂದು, ಮರದ ಹಿಡಿಯ ಸ್ಕ್ರೂಡ್ರೈವರ್ ಒಂದು ಇಟ್ಟುಕೊಳ್ಳಿ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡಿನ ಉದ್ದಕ್ಕೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ತುಕ್ಕು ತಿಂದ ಕಡೆ ಸದ್ದು ಸತ್ತು ಡಬ್ ಅನ್ನುತ್ತದೆ, ಒಳಗೆ ಪುಡಿ ಉದುರುವುದು ಕಿವಿಗೆ ಕೇಳುತ್ತದೆ. ಅಯಸ್ಕಾಂತ ಹಿಡಿಯದೆ ಜಾರಿದರೆ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಮುಂದಿನ ಎರಡೂ ಕಡೆಯ ಮ್ಯಾಟ್ ಎತ್ತಿ ಕೈಯಿಂದ ಒತ್ತಿ. ಬ್ಯಾಟರಿ ಕೂರುವ ತಟ್ಟೆ, ಹಿಂಚಕ್ರದ ಮೇಲಿನ ಕಮಾನು, ಬಾಗಿಲುಗಳ ಕೆಳ ಅಂಚು ಇವು ಎಲ್ಲ ಗಾಡಿಯಲ್ಲೂ ಸ್ವಲ್ಪ ತುಕ್ಕು ಹಿಡಿಯುವ ಜಾಗಗಳೇ, ಅವನ್ನು ಸರಿಮಾಡಬಹುದು. ಆದರೆ ಬಾನೆಟ್ ಎತ್ತಿದಾಗ ಮುಂದಿನ ಶಾಕಬ್ಸಾರ್ಬರ್ ತುದಿ ಬಂದು ಕೂರುವ ಗುಂಡನೆಯ ಜಾಗ, ಅಡಿಯಲ್ಲಿ ಹಿಂದಿನ ಸಸ್ಪೆನ್ಷನ್ ಹಿಡಿದಿರುವ ಜಾಗ, ಈ ಎರಡರಲ್ಲಿ ತಗಡು ಬಿರುಕು ಬಿಟ್ಟಿದ್ದರೆ ಅದು ಹೊಸಬರ ಕೆಲಸವಲ್ಲ, ಹಿಂದಕ್ಕೆ ಬನ್ನಿ.

ಮುಂದಿನ ಮ್ಯಾಟ್ ಅಡಿಯ ತಗಡು ಏಕೆ ಕೊಳೆಯುತ್ತದೆ ಎಂದು ತಿಳಿಯದೆ ಪ್ಯಾಚ್ ಹಾಕಿದರೆ ಎರಡು ಮಳೆಗಾಲಕ್ಕೆ ಪ್ಯಾಚೂ ಹೋಗುತ್ತದೆ. ನೀರು ಬರುವುದು ಕೆಳಗಿನಿಂದಲ್ಲ, ಮೇಲಿನಿಂದ. ಮುಂಗಾಜಿನ ರಬ್ಬರು ಗಟ್ಟಿಯಾಗಿ ಮೂಲೆಯಲ್ಲಿ ಸೀಳಿರುತ್ತದೆ. ಗಾಜಿನ ಬುಡದಲ್ಲಿರುವ ಗಾಳಿಕಿಂಡಿಯೊಳಗೆ ಎಲೆ ಕಸ ತುಂಬಿ ನೀರು ಹೊರಹೋಗುವ ದಾರಿ ಮುಚ್ಚಿರುತ್ತದೆ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತು, ಹೊರಗಿನಿಂದ ಇನ್ನೊಬ್ಬರು ಗಾಜಿನ ಮೇಲೆ ಹತ್ತು ನಿಮಿಷ ಪೈಪಿನಿಂದ ಸಣ್ಣಗೆ ನೀರು ಬಿಟ್ಟರೆ ಹನಿ ಎಲ್ಲಿ ಇಳಿಯುತ್ತದೆ ಎಂದು ಕಾಣುತ್ತದೆ. ಹೊಸ ರಬ್ಬರು ಹಾಕಿಸಿ, ಕಿಂಡಿ ಶುಚಿಮಾಡಿ, ಬಾಗಿಲ ಕೆಳಗಿನ ಸಣ್ಣ ತೂತುಗಳಲ್ಲಿ ತಂತಿ ಆಡಿಸಿ ತೆರೆದ ಮೇಲೆಯೇ ತಳದ ತಗಡಿಗೆ ಕೈಹಾಕಿ. ರಬ್ಬರ್ ಶೀಟಿನ ಅಡಿಯಲ್ಲಿ ಹಳೆ ಸ್ಪಂಜಿನ ಪದರ ಇದ್ದರೆ ಅದನ್ನೂ ಎಸೆಯಿರಿ, ಅದು ಬೇಸಿಗೆಯಲ್ಲೂ ನೀರು ಹಿಡಿದಿಟ್ಟುಕೊಂಡಿರುತ್ತದೆ.

ತುಕ್ಕಿನ ಮೇಲೆ ಪ್ಯಾಚ್ ಇಡಬಾರದು. ತೂತಿನ ಸುತ್ತ ಹೊಳೆಯುವ ತಗಡು ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ಹೊರಗೆ ಒಂದು ರೂಪಾಯಿಯಷ್ಟು ಕಂಡದ್ದು ಕತ್ತರಿಸಿದಾಗ ಅಂಗೈಯಷ್ಟಾಗುತ್ತದೆ, ಗಾಬರಿ ಬೇಡ. ತಳಕ್ಕೆ 20 ಗೇಜಿನ ತಗಡು ಸಾಕು. ಅದಕ್ಕಿಂತ ದಪ್ಪ ಹಾಕಿದರೆ ಪಕ್ಕದ ತೆಳು ತಗಡಿನ ಜೊತೆ ಬೆಸೆಯುವುದಿಲ್ಲ, ಪಕ್ಕದ್ದೇ ಕರಗಿ ತೂತಾಗುತ್ತದೆ. ಗ್ಯಾಸ್ ವೆಲ್ಡಿಂಗ್‌ನಲ್ಲಿ ಶಾಖ ಹರಡಿ ತಗಡು ಸೊಟ್ಟಗಾಗುತ್ತದೆ, ಆದ್ದರಿಂದ 0.8 ಮಿ.ಮೀ. ತಂತಿಯನ್ನು ವಿದ್ಯುತ್ತಿನಲ್ಲಿ ಕರಗಿಸಿ ಬೆಸೆಯುವ ಮಿಗ್ ವೆಲ್ಡಿಂಗ್ ಇರುವ ಟಿಂಕರ್ (ತಗಡು ಕೆಲಸದವರು) ಬಳಿಯೇ ಹೋಗಿ. ಸುಮಾರು ಒಂದಿಂಚಿಗೊಂದು ಟಾಕಾ (ಚುಕ್ಕಿ ಬೆಸುಗೆ) ಹಾಕುತ್ತ, ಒಂದು ಇಲ್ಲಿ ಹಾಕಿದರೆ ಮುಂದಿನದು ಎದುರು ಮೂಲೆಗೆ, ಹೀಗೆ ಶಾಖ ಒಂದೇ ಕಡೆ ಸೇರದಂತೆ ಮಾಡಬೇಕು. ವೆಲ್ಡಿಂಗ್ ಹೊಸಬರು ಮಾಡುವುದು ಬೇಡ. ಆದರೆ ಕತ್ತರಿಸುವುದು, ರಟ್ಟಿನಲ್ಲಿ ಅಳತೆ ತೆಗೆದು ತಗಡು ಕೊಯ್ಯುವುದು, ಅಂಚು ಮಡಿಸುವುದು ಇದೆಲ್ಲ ಅವರೇ ಮಾಡಬಹುದು. ಕೂಲಿಯೂ ಅರ್ಧಕ್ಕೆ ಇಳಿಯುತ್ತದೆ.

ರನ್ನಿಂಗ್ ಬೋರ್ಡ್ ಕತ್ತರಿಸುವ ಮುನ್ನ ಒಂದು ಕೆಲಸ ಮರೆಯಬಾರದು. ಬಾಗಿಲು ಮುಚ್ಚಿ ಅದರ ಸುತ್ತಲಿನ ಸಂದನ್ನು ಮೇಲೆ, ಕೆಳಗೆ, ಹಿಂದೆ, ಮುಂದೆ ಅಳೆದು ಟೇಪಿನ ಮೇಲೆ ಬರೆದು ಅಲ್ಲೇ ಅಂಟಿಸಿ. ಬೋರ್ಡ್ ತೆಗೆದ ಮೇಲೆ ಗಾಡಿಯ ನಡು ಕುಸಿಯುತ್ತದೆ. ಎರಡು ಮಿಲಿಮೀಟರ್ ಕುಸಿದರೂ ಬಾಗಿಲು ಮತ್ತೆ ಕೂರುವುದಿಲ್ಲ. ಎಡಬಲ ಎರಡನ್ನೂ ಒಟ್ಟಿಗೆ ಕತ್ತರಿಸಬೇಡಿ. ಬಾಗಿಲ ಚೌಕಟ್ಟಿಗೆ ಅಡ್ಡ ಒಂದು ಕೊಳವೆ ತಾತ್ಕಾಲಿಕವಾಗಿ ಟಾಕಾ ಹಾಕಿಸಿ, ಹೊಸ ಬೋರ್ಡ್ ಕೂರಿಸಿ, ಸಂದನ್ನು ಮತ್ತೆ ಅಳೆದು ನೋಡಿದ ಮೇಲೆಯೇ ಪೂರ್ತಿ ವೆಲ್ಡಿಂಗ್. ಬ್ಯಾಟರಿಯ ಎರಡೂ ತಂತಿ ಕಳಚಿರಬೇಕು, ಪೆಟ್ರೋಲ್ ಪೈಪು ತಳದ ಅಡಿಯಲ್ಲೇ ಹಾದುಹೋಗುತ್ತದೆ ಎಂಬುದು ನೆನಪಿರಬೇಕು, ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟುಕುವಂತಿರಬೇಕು. ಪೆಟ್ರೋಲ್ ಟ್ಯಾಂಕು ಖಾಲಿ ಇದ್ದರೂ ಅದಕ್ಕೆ ವೆಲ್ಡಿಂಗ್ ಮಾಡಿಸಬೇಡಿ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕೇ ಸಿಡಿಯುವುದು.

ಗಾಡಿ ಎತ್ತಿ ನಿಲ್ಲಿಸುವ ಬಗ್ಗೆಯೂ ಇಲ್ಲೇ ಹೇಳಿಬಿಡಬೇಕು. ಜಾಕಿ ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಸಿಮೆಂಟಿನ ಹಾಲೋ ಬ್ಲಾಕ್ ಮೇಲೆ ಗಾಡಿ ನಿಲ್ಲಿಸುವುದನ್ನು ಬೀದಿಬೀದಿಯಲ್ಲೂ ಕಾಣುತ್ತೇವೆ. ಆ ಬ್ಲಾಕು ಮುನ್ಸೂಚನೆ ಕೊಡದೆ ಒಮ್ಮೆಗೇ ಪುಡಿಯಾಗುತ್ತದೆ. ಕಬ್ಬಿಣದ ಸ್ಟ್ಯಾಂಡು ನಾಲ್ಕು ಕೊಳ್ಳಿ. ನೆಲ ಮಣ್ಣಿನದಾದರೆ ಅಡಿಗೆ ದಪ್ಪ ಹಲಗೆ ಹಾಕಿ. ಸ್ಪ್ಯಾನರ್‌ಗಿಂತ ಮೊದಲು ಕೊಳ್ಳಬೇಕಾದದ್ದು ಇದೇ.

ಈಗ ಬ್ರೇಕ್. ಎಂಜಿನ್ ಚಾಲೂ ಮಾಡಿ ನೋಡುವ ಆಸೆ ತಡೆಯುವುದು ಕಷ್ಟ, ನಿಜ. ಆದರೆ ಎಂಜಿನ್ ಚಾಲೂ ಆದ ಗಾಡಿಯನ್ನು ಯಾರಾದರೂ ಗೇಟಿನವರೆಗೆ ಓಡಿಸಿಯೇ ಓಡಿಸುತ್ತಾರೆ, ಆಗ ನಿಲ್ಲಿಸಲು ಏನಾದರೂ ಇರಬೇಕು. ವರ್ಷಗಟ್ಟಲೆ ನಿಂತ ಗಾಡಿಯ ಬ್ರೇಕ್ ಎಣ್ಣೆ ಗಾಳಿಯ ತೇವ ಹೀರಿ ನೀರಾಗಿರುತ್ತದೆ, ಆ ನೀರು ಸಿಲಿಂಡರಿನ ಒಳಗೋಡೆಯನ್ನು ತಿಂದಿರುತ್ತದೆ. ಹಿಂದಿನ ಡ್ರಮ್ ಬಿಚ್ಚಿದ ಮೇಲೆ ಬ್ರೇಕ್ ಲೈನರನ್ನು ತಳ್ಳುವ ವೀಲ್ ಸಿಲಿಂಡರಿನ ಎರಡು ತುದಿಯ ರಬ್ಬರ್ ಟೊಪ್ಪಿಗೆಯನ್ನು ಉಗುರಿನಿಂದ ಮೆಲ್ಲಗೆ ಎತ್ತಿ ನೋಡಿ. ಒಳಗೆ ಒಣಗಿದ್ದರೆ ಸರಿ. ಒದ್ದೆಯಾಗಿದ್ದರೆ, ಹೊರಗೆ ಸೋರದಿದ್ದರೂ, ಎಣ್ಣೆ ತಡೆಯುವ ಒಳಗಿನ ರಬ್ಬರ್ ಕಪ್ ಹೋಗಿದೆ ಎಂದೇ ಅರ್ಥ. ಬೆರಳಿಗೆ ಗುಳಿ ತಾಕುವ ಸಿಲಿಂಡರಿಗೆ ಹೊಸ ಕಪ್ ಹಾಕಿ ಪ್ರಯೋಜನವಿಲ್ಲ, ಇಡೀ ಸಿಲಿಂಡರನ್ನೇ ಬದಲಿಸಿ. ಎಡಬಲ ಎರಡನ್ನೂ ಒಟ್ಟಿಗೆ ಬದಲಿಸಬೇಕು, ಇಲ್ಲದಿದ್ದರೆ ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಹೊಸಬರು ಇಲ್ಲಿ ಮಾಡುವ ದೊಡ್ಡ ತಪ್ಪು ಬ್ರೇಕಿನ ಭಾಗಗಳನ್ನು ಪೆಟ್ರೋಲ್ ಅಥವಾ ಸೀಮೆಎಣ್ಣೆಯಲ್ಲಿ ತೊಳೆಯುವುದು. ಉಳಿದೆಲ್ಲ ಭಾಗ ತೊಳೆಯಲು ಅದೇ ಇರುವುದರಿಂದ ಕೈ ತಾನಾಗಿ ಅದಕ್ಕೇ ಹೋಗುತ್ತದೆ. ಅದರ ಪಸೆ ತಗುಲಿದರೆ ರಬ್ಬರ್ ಕಪ್ ಕೆಲವೇ ದಿನದಲ್ಲಿ ಊದಿಕೊಂಡು ಸಿಲಿಂಡರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ; ಪೆಡಲ್ ಬಿಟ್ಟರೂ ಬ್ರೇಕ್ ಬಿಡುವುದಿಲ್ಲ, ಡ್ರಮ್ ಸುಡುತ್ತದೆ. ಬ್ರೇಕ್ ಭಾಗಗಳನ್ನು ಬ್ರೇಕ್ ಎಣ್ಣೆಯಲ್ಲೇ ತೊಳೆಯಬೇಕು. ಮುಂದಿನ ಡಿಸ್ಕ್ ಕ್ಯಾಲಿಪರಿನ ಜಾರುವ ಪಿನ್ನುಗಳಿಗೆ ಚಕ್ರದ ಗ್ರೀಸ್ ಹಚ್ಚುವುದೂ ಇದೇ ತಪ್ಪು, ಅಲ್ಲಿಗೆ ರಬ್ಬರಿಗೆ ಒಗ್ಗುವ ಗ್ರೀಸ್ ಬೇರೆಯೇ ಸಿಗುತ್ತದೆ. ಡ್ರಮ್ಮಿನೊಳಗಿನ ಪುಡಿಯನ್ನು ಬಾಯಿಂದಲೋ ಗಾಳಿ ಪೈಪಿನಿಂದಲೋ ಊದಬೇಡಿ. ಹಳೆ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.

ಎಲ್ಲ ಜೋಡಿಸಿದ ಮೇಲೆ ಡಾಟ್ 3 ಬ್ರೇಕ್ ಎಣ್ಣೆ ಹೊಸದಾಗಿ ಒಡೆದ ಡಬ್ಬಿಯಿಂದ ತುಂಬಿ. ಒಂದು ಲೀಟರ್ ತಂದಿದ್ದರೆ ಹಳೆಯದನ್ನೆಲ್ಲ ಹೊರಹಾಕುವಷ್ಟಾಗುತ್ತದೆ. ಗಾಳಿ ತೆಗೆಯುವುದನ್ನು ಪೆಡಲಿಗೆ ಸೇರಿದ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರುಮಾಡಿ. ನಡುವೆ ಅದರ ಮೇಲಿನ ಎಣ್ಣೆ ಡಬ್ಬಿ ಖಾಲಿಯಾಗಲು ಬಿಟ್ಟರೆ ಮತ್ತೆ ಮೊದಲಿನಿಂದ. ಕೊನೆಗೆ ಪೆಡಲನ್ನು ಜೋರಾಗಿ ಒತ್ತಿ ಒಂದು ನಿಮಿಷ ಹಾಗೇ ಹಿಡಿಯಿರಿ. ಎಲ್ಲೂ ಸೋರದಿದ್ದರೂ ಕಾಲು ಮೆಲ್ಲಗೆ ಕೆಳಗಿಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗೇ ಎಣ್ಣೆ ಹಿಂದಕ್ಕೆ ನುಗ್ಗುತ್ತಿದೆ, ಅದನ್ನು ಬದಲಿಸದೆ ವಿಧಿಯಿಲ್ಲ. ಬಿರುಕು ಕಂಡ ರಬ್ಬರ್ ಹೋಸ್ ಒಂದೇ ಇದ್ದರೂ ಎಲ್ಲವನ್ನೂ ಬದಲಿಸಿ. ಟೈರಿನ ಗೀರು ಎಷ್ಟು ಉಳಿದಿದೆ ಎಂದು ನೋಡುವ ಮೊದಲು ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿ ನೋಡಿ; ಮೊದಲೆರಡು ವಾರ, ಕೊನೆಯೆರಡು ವರ್ಷ. ಗೀರು ಹೊಸದರಂತಿದ್ದು ಹತ್ತು ವರ್ಷ ಹಳೆಯದಾದ ಟೈರು ವೇಗದಲ್ಲಿ ಒಡೆಯುತ್ತದೆ.

ಎಂಜಿನ್ ವಿಷಯದಲ್ಲಿ ಮಾಡಬೇಕಾದದ್ದಕ್ಕಿಂತ ಮಾಡಬಾರದ್ದೇ ಹೆಚ್ಚು. ತಿರುಗುವ ಎಂಜಿನ್ನನ್ನು ಬಿಚ್ಚಬೇಡಿ. ಬಹಳ ದಿನ ನಿಂತಿದ್ದರೆ ಮೂರೂ ಪ್ಲಗ್ ತೆಗೆದು ಒಂದೊಂದು ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಇಡಿ. ಮರುದಿನ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ಎರಡು ಸುತ್ತು ತಿರುಗಿಸಿ. ಸಲೀಸಾಗಿ ತಿರುಗಿದರೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆದು ಆಯಿಲ್ ದೀಪ ಆರುವವರೆಗೆ ಬಿಟ್ಟುಬಿಟ್ಟು ತಿರುಗಿಸಿ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದೆಂದು ಗೊತ್ತಿಲ್ಲದಿದ್ದರೆ ಎಂಜಿನ್ ಚಾಲೂ ಮಾಡುವ ಮೊದಲೇ ಹೊಸದು ಹಾಕಿ.

ಆಮೇಲೆ ಕಂಪ್ರೆಷನ್ (ಸಿಲಿಂಡರಿನೊಳಗೆ ಏಳುವ ಒತ್ತಡ) ನೋಡಿಸಿ. ಮೂರೂ ಸಿಲಿಂಡರು 170 ಪಿಎಸ್‌ಐ ಮೇಲೆ, ಒಂದಕ್ಕೊಂದು 15 ಪಿಎಸ್‌ಐ ಒಳಗಿನ ಅಂತರದಲ್ಲಿ ಇದ್ದರೆ ಒಳಗಿನ ಕೆಲಸ ಬೇಡವೇ ಬೇಡ. ಒಂದು ಮಾತ್ರ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ: ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಸಿಲಿಂಡರು ಒಟ್ಟಿಗೆ ಬಿದ್ದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆಯೇ ಹೆಚ್ಚು. ಈ ಎಂಜಿನ್ನಿನ ಹೆಡ್ (ಸಿಲಿಂಡರುಗಳ ಮೇಲೆ ಕೂರುವ ಮುಚ್ಚಳ) ಅಲ್ಯುಮಿನಿಯಂನದು. ಒಂದು ಸಲ ಕುದಿದರೆ ಬಾಗುತ್ತದೆ. ನೇರ ಪಟ್ಟಿ ಇಟ್ಟು ಅಡಿಯಲ್ಲಿ 0.05 ಮಿ.ಮೀ. ಫೀಲರ್ (ಅಂತರ ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ, ತೂರಿದರೆ ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಿ ಸಮ ಮಾಡಿಸಬೇಕು. ಬೋಲ್ಟುಗಳನ್ನು ಮಧ್ಯದಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, 55ರಿಂದ 60 ನ್ಯೂಟನ್ ಮೀಟರ್‌ಗೆ ಟಾರ್ಕ್ ವ್ರೆಂಚ್ ಹಿಡಿದೇ ಬಿಗಿಯಬೇಕು. ಕೈಯಂದಾಜಿನಲ್ಲಿ ಬಿಗಿದ ಹೆಡ್ ಮತ್ತೆ ಬಿಚ್ಚಬೇಕಾಗುತ್ತದೆ.

ಹೆಡ್ ಕುದಿಯಲು ಕಾರಣ ಬಹುಪಾಲು ನೀರು. ನಮ್ಮ ಕಡೆಯ ಬೋರ್‌ವೆಲ್ ನೀರು ರೇಡಿಯೇಟರಿಗೆ ಹೋದರೆ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಅದರ ಕೊಳವೆಯಲ್ಲೂ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್‌ಗೆ ಕೂಲಂಟ್ ಬೆರೆಸಿ ತುಂಬಿ. ಹಳೆ ಗಾಡಿ ಬಿಸಿಯಾಗುತ್ತದೆಂದು ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ತೆರೆಯುವ ಕವಾಟ) ಕಿತ್ತುಹಾಕಿರುವುದು ಹತ್ತರಲ್ಲಿ ಆರು ಗಾಡಿಯಲ್ಲಿ ಕಾಣುವ ವಿಷಯ. ಅದು ರೋಗಕ್ಕೆ ಮದ್ದಲ್ಲ, ರೋಗ ಮುಚ್ಚಿಡುವುದು. ಹೊಸದನ್ನು ಹಾಕುವ ಮುನ್ನ ಪಾತ್ರೆಯಲ್ಲಿ ನೀರು ಕಾಯಿಸಿ ಅದರಲ್ಲಿ ಬಿಡಿ, ಕುದಿಯುವ ಮುಂಚೆಯೇ ಬಾಯಿ ತೆರೆಯಬೇಕು. ರೇಡಿಯೇಟರ್ ಫ್ಯಾನು ತಾನಾಗಿ ತಿರುಗಿ ತಾನಾಗಿ ನಿಲ್ಲುವುದನ್ನು ಎರಡು ಮೂರು ಸಲ ಕಣ್ಣಾರೆ ನೋಡುವವರೆಗೆ ಗಾಡಿ ಅಂಗಳ ಬಿಡಬಾರದು.

ಪೆಟ್ರೋಲಿನ ಬಗ್ಗೆ ಎಚ್ಚರಿಕೆ ಈಗ ಮೊದಲಿಗಿಂತ ಹೆಚ್ಚು ಬೇಕು. ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಈ ಗಾಡಿಗಳ ರಬ್ಬರ್ ಪೈಪು, ಪಂಪಿನ ಡಯಾಫ್ರಂ, ಕಾರ್ಬುರೇಟರಿನ ಸೀಲುಗಳು ಅದಕ್ಕಾಗಿ ಮಾಡಿದವಲ್ಲ, ಮೆತ್ತಗಾಗಿ ಸೋರುತ್ತವೆ. ಎಥನಾಲ್ ನೀರು ಹೀರುತ್ತದೆ, ಟ್ಯಾಂಕಿನ ತಳದ ಹಳೆ ಕೊಳೆಯನ್ನು ಕರಗಿಸಿ ಮುಂದಕ್ಕೆ ತಳ್ಳುತ್ತದೆ. ಹಾಗಾಗಿ ಟ್ಯಾಂಕು ಇಳಿಸಿ ತೊಳೆಸಿ, ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ಬಗೆಯದಕ್ಕೆ ಬದಲಿಸಿ, ಹೊಸ ಫಿಲ್ಟರ್ ಹಾಕಿ, ಮೊದಲ ನೂರು ಕಿಲೋಮೀಟರಿಗೆ ಮತ್ತೆ ಫಿಲ್ಟರ್ ಬದಲಿಸಿ. ಮೊದಲ ಸಲ ಚಾಲೂ ಮಾಡುವಾಗ ಹಳೆ ಟ್ಯಾಂಕಿನ ಪೆಟ್ರೋಲ್ ಬೇಡವೇ ಬೇಡ, ಬಿಗಿ ಮುಚ್ಚಳದ ಬೇರೆ ಕ್ಯಾನಿನಿಂದ ಒಂದು ಲೀಟರ್ ಸಾಕು. ಕಾರ್ಬುರೇಟರಿನ ಜೆಟ್ಟಿಗೆ (ಪೆಟ್ರೋಲ್ ಹಾಯುವ ಸಣ್ಣ ತೂತಿಗೆ) ತಂತಿ ಚುಚ್ಚಬೇಡಿ, ಕೂದಲೆಳೆಯಷ್ಟು ಅಗಲವಾದರೂ ಪೆಟ್ರೋಲ್ ಕುಡಿಯುವುದು ನಿಲ್ಲುವುದಿಲ್ಲ. ಗಾಳಿ ಊದಿದರೆ ಸಾಕು. ಬಿಚ್ಚುವ ಮೊದಲು ವ್ಯಾಕ್ಯೂಮ್ ಪೈಪುಗಳ ಎರಡೂ ತುದಿಗೆ ಒಂದೇ ನಂಬರಿನ ಚೀಟಿ ಅಂಟಿಸಿ ಫೋಟೊ ತೆಗೆಯಿರಿ. ಎಲ್ಲ ಕಪ್ಪು, ಎಲ್ಲ ಒಂದೇ ದಪ್ಪ, ಒಂದು ಅದಲುಬದಲಾದರೂ ಎಂಜಿನ್ ಐಡಲ್‌ನಲ್ಲಿ ನಿಲ್ಲುವುದಿಲ್ಲ.

ಪ್ಲಗ್ ಅಂತರ 0.7ರಿಂದ 0.8 ಮಿ.ಮೀ., ಪ್ಲಗ್‌ಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಪಾಯಿಂಟ್ ಇರುವ ಬಗೆಯದಾದರೆ ಪಾಯಿಂಟ್ ಅಂತರ 0.4ರಿಂದ 0.5, ಫೈರಿಂಗ್ ಕ್ರಮ 1-3-2. ವೈರಿಂಗ್ ಕಾಯಿಲೆಗಳಲ್ಲಿ ಮುಕ್ಕಾಲುಪಾಲು ಅರ್ಥಿಂಗ್ ಕಾಯಿಲೆ; ಬ್ಯಾಟರಿಯಿಂದ ಮೈಗೆ, ಮೈಯಿಂದ ಎಂಜಿನ್ನಿಗೆ ಹೋಗುವ ಪಟ್ಟಿ ಬಿಚ್ಚಿ ತಗಡು ಹೊಳೆಯುವಂತೆ ಉಜ್ಜಿ ಬಿಗಿದರೆ ಅರ್ಧ ದೀಪಗಳು ತಾವಾಗಿ ಸರಿಹೋಗುತ್ತವೆ. ಫ್ಯೂಸಿನ ಜಾಗದಲ್ಲಿ ಸಿಗರೇಟಿನ ಬೆಳ್ಳಿಕಾಗದ ಸುತ್ತಿದ್ದು ಕಂಡರೆ ಮೊದಲು ಅದನ್ನು ಕಿತ್ತೆಸೆಯಿರಿ.

ಇಷ್ಟು ಆದ ಮೇಲೆ, ನೋಂದಣಿ ನವೀಕರಿಸಿ ವಿಮೆ ಮಾಡಿಸಿ, ಹಳೆ ಬಣ್ಣದಲ್ಲೇ ಎರಡು ಮೂರು ತಿಂಗಳು ಗಾಡಿ ಓಡಿಸಿ. ಎಲ್ಲಿ ನೀರು ಇಳಿಯುತ್ತದೆ, ಎಲ್ಲಿ ಕಿರುಗುಟ್ಟುತ್ತದೆ, ಮತ್ತೇನನ್ನು ಬಿಚ್ಚಬೇಕು ಎಂದೆಲ್ಲ ಆಗ ಗೊತ್ತಾಗುತ್ತದೆ. ಬಣ್ಣ ಆಮೇಲೆ. ಮಳೆಗಾಲದಲ್ಲಿ ಬಣ್ಣ ಹೊಡೆಸಬೇಡಿ. ಗಾಳಿಯ ತೇವಕ್ಕೆ ಎನ್‌ಸಿ (ನೈಟ್ರೊಸೆಲ್ಯುಲೋಸ್) ಬಣ್ಣ ಬೆಳ್ಳಗೆ ಮಂಕಾಗುತ್ತದೆ. ಉಜ್ಜುವ ಕೆಲಸ ಸ್ವತಃ ಮಾಡಬಹುದು: ಪುಟ್ಟಿಗೆ 80 ನಂಬರಿನ ಉಜ್ಜುಕಾಗದ, ಆಮೇಲೆ 180, ಪ್ರೈಮರಿಗೆ 320, ಬಣ್ಣಕ್ಕೆ ಮುಂಚೆ ನೀರು ಹಾಕಿ 600 ಅಥವಾ 800. ಪುಟ್ಟಿ ಎರಡು ಮಿಲಿಮೀಟರಿಗಿಂತ ದಪ್ಪ ಬೇಕಾಯಿತೆಂದರೆ ಟಿಂಕರಿಂಗ್ ಸರಿಯಾಗಿಲ್ಲ. ಹಾರ್ಡ್‌ನರ್ ಬೆರೆಸುವ ಬಣ್ಣಗಳನ್ನು ಮಾತ್ರ ಮನೆಯಲ್ಲಿ ಸ್ಪ್ರೇ ಮಾಡಬೇಡಿ. ಅದರಲ್ಲಿರುವ ಐಸೊಸಯನೇಟ್ ಉಸಿರಾಟಕ್ಕೆ ಕೆಡುಕು, ಮೂಗಿಗೆ ಕಟ್ಟಿದ ಬಟ್ಟೆ ಅದನ್ನು ತಡೆಯುವುದಿಲ್ಲ. ಬೇರೆ ಬಣ್ಣ ಹೊಡೆಸಿದರೆ ಆರ್‌ಸಿಯಲ್ಲೂ ಬದಲಿಸಬೇಕು.

ತಂದೆತಾಯಿಗಳಿಗೆ ಎರಡು ಮಾತು. ಕಾರಿಗೆ ಎಷ್ಟು ಕೊಟ್ಟಿರೋ ಕನಿಷ್ಠ ಅಷ್ಟೇ ಹಣ ರಿಪೇರಿಗೆ ಕೈಯಲ್ಲಿ ಉಳಿದಿದ್ದರೆ ಮಾತ್ರ ಶುರುಮಾಡಲು ಬಿಡಿ. ಮಕ್ಕಳಿಗೆ ಹದಿನಾರೋ ಹದಿನೇಳೋ ಆಗಿದ್ದರೆ ಕೆಲಸ ಕಲಿಯಲು ಅಡ್ಡಿಯಿಲ್ಲ, ಆದರೆ 'ಬೀದಿ ಕೊನೆಯವರೆಗೆ ತಾನೇ' ಎಂದು ಓಡಿಸಲು ಕೊಡಬೇಡಿ. ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ 25,000 ರೂಪಾಯಿ ದಂಡದ ಜೊತೆಗೆ ಮೂರು ವರ್ಷದವರೆಗೆ ಜೈಲೂ ಇದೆ.

ಸರ್ಕಾರಕ್ಕೂ ಒಂದು ಕೋರಿಕೆ ಇದೆ, ಅದಕ್ಕಾಗಿಯೇ ಈ ಪತ್ರ ನಿಮಗೆ ಬರೆದದ್ದು. ಮೇಲೆ ಹೇಳಿದ ಮಿಗ್ ವೆಲ್ಡಿಂಗ್ ಯಂತ್ರ, ಟಾರ್ಕ್ ವ್ರೆಂಚ್, ಕಂಪ್ರೆಷನ್ ಗೇಜ್ ಇವನ್ನೆಲ್ಲ ಒಂದೇ ಕಾರಿಗಾಗಿ ಯಾರೂ ಕೊಳ್ಳಲಾರರು. ಮೋಟಾರ್ ಮೆಕ್ಯಾನಿಕ್ ಮತ್ತು ವೆಲ್ಡರ್ ತರಗತಿ ಇರುವ ಐಟಿಐಗಳಲ್ಲಿ ಇಂಥ ಉಪಕರಣಗಳೂ ಇವೆ, ಕೈಹಿಡಿದು ತೋರಿಸಬಲ್ಲ ಬೋಧಕರೂ ಇದ್ದಾರೆ. ಭಾನುವಾರ ಆ ಕಾರ್ಯಾಗಾರಗಳ ಬಾಗಿಲು ಹಾಕಿರುತ್ತದೆ. ತಿಂಗಳಿಗೆ ಎರಡು ಭಾನುವಾರ, ಶುಲ್ಕ ಪಡೆದು, ಬೋಧಕರಿಗೆ ಗೌರವಧನ ಕೊಟ್ಟು, ಊರಿನ ಯುವಕ ಯುವತಿಯರಿಗೆ ಅವನ್ನು ತೆರೆಯಬಹುದು. ಬ್ರೇಕ್ ಕೆಲಸ ಮುಗಿಸಿದ ಗಾಡಿಯನ್ನು ರಸ್ತೆಗಿಳಿಸುವ ಮೊದಲು ಅಲ್ಲಿನ ಬೋಧಕರೊಬ್ಬರು ಒಮ್ಮೆ ಪೆಡಲ್ ಒತ್ತಿ, ಡ್ರಮ್ ಬಿಚ್ಚಿಸಿ ನೋಡುವಂತಾದರೆ ಅಷ್ಟರಿಂದಲೇ ಎಷ್ಟೋ ಅಪಘಾತ ತಪ್ಪುತ್ತದೆ.

ಇಂತಿ,
ಗ್ಯಾರೇಜ್ ಮೇಸ್ತ್ರಿ
ದಾವಣಗೆರೆ